ಶಾಲೆಗೆ ಕಳಿಸಿದ್ದು ಸಲಿಕೆ ಹಿಡಿಯೋಕಾ?

ಪ್ರಶ್ನೆ: ನಾನು ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಶಾಲೆಯ ಹಿಂದೆ 18 ಗುಂಟೆ ಎರೆ ಜಮೀನು ಖಾಲಿ ಬಿದ್ದಿದೆ. ಎಂಟು, ಒಂಬತ್ತನೇ ತರಗತಿ ಮಕ್ಕಳಿಗೆ ಅಲ್ಲಿ ಕೈಯಾರೆ ಕೃಷಿ ಕಲಿಸಬೇಕು ಅಂತ ಆಸೆ. ಪಾಲಕರ ಸಭೆಯಲ್ಲಿ ಇದನ್ನು ಹೇಳಿದಾಗ ಒಬ್ಬರು ಎದ್ದು ನಿಂತರು. "ಹೊಲದಾಗ ದುಡದು ದುಡದು ನಮಗ ಸಾಕಾಗ್ಯದ, ಅದಕ್ಕ ಸಾಲಿಗಿ ಕಳಸೀವಿ. ನೀವು ಮತ್ತ ಕೈಯಾಗ ಸಲಿಕಿ ಕೊಡ್ತೀರೇನು ಅಕ್ಕೋರೆ?" ಅಂದರು. ಉಳಿದವರೂ ತಲೆ ಆಡಿಸಿದರು. ಬೋರ್‌ವೆಲ್ ಇದೆ, ಆದರೆ ನೀರು ನಂಬೋ ಹಾಗಿಲ್ಲ. ನಾನು ಪೇಟೆಯಲ್ಲಿ ಬೆಳೆದವಳು, ಕೃಷಿ ಗೊತ್ತಿಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಇಳಿದೀತು ಅಂತ ಮುಖ್ಯ ಶಿಕ್ಷಕರಿಗೆ ಭಯ. ಎಲ್ಲಿಂದ ಶುರು ಮಾಡಲಿ? ಮಕ್ಕಳಿಗೆ ಇದರಿಂದ ಮುಂದೆ ಏನಾದರೂ ಉಪಯೋಗ ಇದೆಯಾ?

ಉತ್ತರ: ಅಕ್ಕೋರೆ, ಎದ್ದು ನಿಂತ ಆ ಪಾಲಕರ ಮೇಲೆ ಸಿಟ್ಟಾಗಬೇಡಿ. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಸಿಗುವ ತನಕ ನೀವು ಒಂದು ಗುದ್ದಲಿಯನ್ನೂ ಕೊಳ್ಳಬೇಡಿ.

ನಿಮ್ಮ ತರಗತಿಯ ಹುಡುಗ ಸಲಿಕೆ ಹಿಡಿಯೋದನ್ನು ನಿಮ್ಮಿಂದ ಕಲಿಯಬೇಕಾಗಿಲ್ಲ. ನಿಮಗಿಂತ ಚೆನ್ನಾಗಿ ಹಿಡಿಯುತ್ತಾನೆ. ಹುಡುಗಿ ಅವ್ವನ ಜೊತೆ ಕಳೆ ತೆಗೆದು, ಹತ್ತಿ ಬಿಡಿಸಿ ಬಂದಿರುತ್ತಾಳೆ. ಅದನ್ನೇ ಶಾಲೆಯಲ್ಲಿ ಮತ್ತೆ ಮಾಡಿಸಿದರೆ ಅದಕ್ಕೆ ಶಿಕ್ಷಣ ಅಂತ ಹೆಸರಿಡೋದು ಬರೀ ನಾಟಕ. ಆದರೆ ಅದೇ ಮಕ್ಕಳನ್ನು ಹೀಗೆ ಕೇಳಿ ನೋಡಿ: ಹೋದ ವರ್ಷ ನಿಮ್ಮ ಹೊಲಕ್ಕೆ ಎಷ್ಟು ಬೀಜ ಹೋಯಿತು? ಅದರಲ್ಲಿ ಎಷ್ಟು ಹುಟ್ಟಿತು? ಕಳೆ ತೆಗೆಯೋಕೆ ಎಷ್ಟು ಆಳು ಹಿಡಿಯಿತು? ಅವ್ವ ಮಾಡಿದ ಕೆಲಸಕ್ಕೆ ಕೂಲಿ ಹಾಕಿದರೆ ಒಂದು ಚೀಲ ಜೋಳ ಎಷ್ಟಕ್ಕೆ ಬಿತ್ತು? ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಮನೆಯಲ್ಲೂ ಇದಕ್ಕೆ ಸಿಗುವ ಉತ್ತರ "ಅಂದಾಜು" ಅನ್ನೋದೇ. ದುಡಿಮೆ ಮನೆಯಲ್ಲೇ ಬೇಕಾದಷ್ಟಿದೆ. ಅಳೆಯೋದು, ತೂಗೋದು, ಬರೆದಿಡೋದು, ಹೋದ ವರ್ಷದ ಜೊತೆ ಹೋಲಿಸೋದು ಇಲ್ಲ. ನಿಮ್ಮ ಪಾಠ ಶುರು ಆಗಬೇಕಾದ್ದು ಅಲ್ಲಿಂದ. ಇದಕ್ಕೆ 18 ಗುಂಟೆ ಬೇಡ. ಮೊದಲ ತಿಂಗಳು ಒಂದು ಗುಂಟೆಯೂ ಬೇಡ. ಒಂದು ಹಳೇ ಗೋಣಿಚೀಲ ಸಾಕು.

ನಿಮ್ಮ ಪತ್ರ ಆಗಸ್ಟ್ ಕೊನೆಗೆ ಬಂದಿದ್ದು ಒಳ್ಳೆಯದೇ ಆಯಿತು. ಇನ್ನು ಮೂರು ವಾರಕ್ಕೆ ನಿಮ್ಮೂರಲ್ಲಿ ಹಿಂಗಾರಿ ಜೋಳದ ಬಿತ್ತನೆ, ಅದರ ಹಿಂದೆಯೇ ಕಡಲೆ. ಮನೆ ಮನೆಯಲ್ಲೂ ಬೀಜ ಹೊರಗೆ ಬರುವ ಹೊತ್ತು. ಮಕ್ಕಳಿಗೆ ಹೇಳಿ: ನಿಮ್ಮ ಮನೆಯ ಬಿತ್ತನೆ ಬೀಜ ಒಂದೊಂದು ಹಿಡಿ ತನ್ನಿ, ಚೀಲದ ಮೇಲಿಂದ, ನಡುವಿನಿಂದ, ತಳದಿಂದ ಬೇರೆ ಬೇರೆ ತೆಗೆದು ಬೆರೆಸಿ ತನ್ನಿ, ಹುಟ್ಟುತ್ತದೋ ಇಲ್ಲವೋ ನಾವು ನೋಡಿ ಹೇಳುತ್ತೇವೆ. ಕಾಗದದ ಪೊಟ್ಟಣದ ಮೇಲೆ ನಂಬರ್, ತಳಿ, ಯಾವ ವರ್ಷದ ಬೀಜ ಅಂತ ಬರೆಸಿ.

ಗೋಣಿತಟ್ಟನ್ನು ಮೊದಲು ನೀರಲ್ಲಿ ಕುದಿಸಿ. ಇದನ್ನು ಬಿಟ್ಟರೆ ಮೂರನೇ ದಿನಕ್ಕೆ ಬೂಸ್ಟು ಬಂದು ಲೆಕ್ಕವೆಲ್ಲ ಕೆಡುತ್ತದೆ. ಆಮೇಲೆ ಹಿಂಡಿ, ಹಾಸಿ, ಅದರ ಮೇಲೆ ಹತ್ತು ಸಾಲು, ಸಾಲಿಗೆ ಹತ್ತು ಕಾಳು ಜೋಡಿಸಬೇಕು. ಕಾಳಿಗೆ ಕಾಳು ತಾಗಬಾರದು. ಆರಿಸಿ ಇಡಬಾರದು, ಕೈಗೆ ಬಂದ ಕಾಳೇ ಇಡಬೇಕು. ದಪ್ಪ ಕಾಳು ಆರಿಸೋ ಚಪಲ ಮಕ್ಕಳಿಗೆ ಜಾಸ್ತಿ, ನೀವು ಕಣ್ಣಿಟ್ಟಿರಿ. ಮೇಲೊಂದು ಒದ್ದೆ ಬಟ್ಟೆ ಮುಚ್ಚಿ ಸಡಿಲಾಗಿ ಸುತ್ತಿ, ದಾರ ಕಟ್ಟಿ, ನೆರಳಲ್ಲಿ ಓರೆಯಾಗಿ ನಿಲ್ಲಿಸಿ. ದಿನಕ್ಕೆರಡು ಸಲ ನೀರು ಚಿಮುಕಿಸಿದರೆ ಸಾಕು. ಸುರಿದರೆ ಕೊಳೆಯುತ್ತದೆ. ಒಂದೊಂದು ಮನೆಯ ಬೀಜಕ್ಕೆ ಎರಡು ಸುರುಳಿ ಮಾಡಿ. ಒಂದರಲ್ಲಿ 82, ಇನ್ನೊಂದರಲ್ಲಿ 60 ಬಂದರೆ ಎಲ್ಲೋ ಎಡವಟ್ಟಾಗಿದೆ ಅಂತ ಅರ್ಥ, ಮತ್ತೆ ಮಾಡಬೇಕು.

ಜೋಳವನ್ನು ನಾಲ್ಕನೇ ದಿನ ಒಮ್ಮೆ, ಹತ್ತನೇ ದಿನ ಕೊನೆಯ ಸಲ ಎಣಿಸುತ್ತಾರೆ. ಕಡಲೆಗೆ ಐದನೇ ದಿನ, ಎಂಟನೇ ದಿನ. ನಿಜವಾದ ಪಾಠ ಎಣಿಸುವಾಗ ಶುರುವಾಗುತ್ತದೆ. ಬೇರು ಬಂದಿದೆ, ಕುಡಿ ಬಂದಿಲ್ಲ, ಇದನ್ನು ಹುಟ್ಟಿದ್ದು ಅನ್ನಬೇಕಾ? ಕುಡಿ ಬಂದಿದೆ, ಆದರೆ ಸುರುಳಿ ಸುತ್ತಿಕೊಂಡಿದೆ, ಇದು? ಒಬ್ಬ ಹೌದು ಅಂತಾನೆ, ಇನ್ನೊಬ್ಬಳು ಇಲ್ಲ ಅಂತಾಳೆ. ಜಗಳ ಆಗಲಿ, ಬಿಡಿ. ಬೇರು, ಕುಡಿ ಎರಡೂ ನೆಟ್ಟಗೆ ಇದ್ದರೆ ಮಾತ್ರ ಸರಿಯಾದ ಸಸಿ, ಉಳಿದದ್ದು ಲೆಕ್ಕಕ್ಕಿಲ್ಲ ಅಂತ ಒಂದು ನಿಯಮ ಹಾಕಿಕೊಂಡ ಮೇಲೆ ಅದನ್ನು ಎಲ್ಲರ ಬೀಜಕ್ಕೂ ಒಂದೇ ರೀತಿ ಹಚ್ಚಬೇಕು. ಅಪ್ಪನ ಬೀಜಕ್ಕೊಂದು ನಿಯಮ, ಪಕ್ಕದ ಮನೆಯವರ ಬೀಜಕ್ಕೊಂದು ನಿಯಮ ಇಲ್ಲ. ವಿಜ್ಞಾನ ಅಂದರೆ ಇದೇ ಅಲ್ವಾ?

ಪ್ರಮಾಣಿತ ಬೀಜದಲ್ಲಿ ಜೋಳ ನೂರಕ್ಕೆ ಕನಿಷ್ಠ 75 ಹುಟ್ಟಬೇಕು, ಕಡಲೆ 85. ಈಗ ಒಬ್ಬರ ಜೋಳ 60 ಹುಟ್ಟಿತು ಅಂದುಕೊಳ್ಳಿ. ಎಕರೆಗೆ ಸುಮಾರು 3 ಕೆಜಿ ಬೀಜ ಹಾಕುವವರು ಈಗ ಎಷ್ಟು ಹಾಕಬೇಕು? ಮೂರನ್ನು 75ರಿಂದ ಗುಣಿಸಿ 60ರಿಂದ ಭಾಗಿಸಿದರೆ 3.75. ಮುಕ್ಕಾಲು ಕೆಜಿ ಜಾಸ್ತಿ. ಈ ಲೆಕ್ಕವನ್ನು ಹುಡುಗಿ ಮನೆಗೆ ಹೋಗಿ ಅಪ್ಪನ ಮುಂದೆ ಮಾಡಿ ತೋರಿಸಲಿ. 50ಕ್ಕಿಂತ ಕೆಳಗೆ ಬಂದರೆ ಬೀಜ ಬದಲಿಸಿ ಅನ್ನೋದೇ ಸರಿಯಾದ ಸಲಹೆ, ಜಾಸ್ತಿ ಹಾಕಿ ಸರಿದೂಗಿಸೋಕೆ ಹೋಗಬಾರದು. ಅಂಥ ಬೀಜ ಹುಟ್ಟಿದರೂ ಸಸಿಯಲ್ಲಿ ಕಸುವು ಇರೋದಿಲ್ಲ.

ಆ ಪಾಲಕರಿಗೆ ಉತ್ತರ ಇಲ್ಲಿದೆ. ಶಾಲೆ ಅವರ ಮಗನ ಕೈಗೆ ಸಲಿಕೆ ಕೊಡಲಿಲ್ಲ. ಅವರ ಬೀಜ ಎಷ್ಟು ಹುಟ್ಟುತ್ತದೆ ಅಂತ ಬಿತ್ತೋಕೆ ಮೊದಲೇ ಬರೆದ ಒಂದು ಹಾಳೆ ಕೊಟ್ಟಿತು. ಮುಂದಿನ ಸಭೆಯಲ್ಲಿ ನೀವು ಭಾಷಣ ಮಾಡೋದೇ ಬೇಡ.

ಊರಿಗೆ ಕೆಲಸಕ್ಕೆ ಬರೋದನ್ನೇ ಪಾಠ ಮಾಡೋದು ನನ್ನ ತಲೆಯಿಂದ ಬಂದದ್ದಲ್ಲ. ಪುಣೆ ಜಿಲ್ಲೆಯ ಪಾಬಳದಲ್ಲಿ ಡಾ. ಎಸ್.ಎಸ್. ಕಲಬಾಗ್ ಅವರು 1983ರಲ್ಲಿ ವಿಜ್ಞಾನ ಆಶ್ರಮ ಶುರು ಮಾಡಿದರು. ಅಲ್ಲಿ ರೂಪುಗೊಂಡ ಪಾಠದಲ್ಲಿ ಎಂಟರಿಂದ ಹತ್ತನೇ ತರಗತಿ ಮಕ್ಕಳು ವಾರಕ್ಕೆ ಒಂದು ದಿನ ಕೈಕೆಲಸ ಮಾಡುತ್ತಾರೆ. ವರ್ಕ್‌ಶಾಪ್, ಕರೆಂಟು-ಇಂಧನ, ಕೃಷಿ-ಪಶುಪಾಲನೆ, ಮನೆ-ಆರೋಗ್ಯ ಎಲ್ಲವೂ ಸೇರಿರುತ್ತವೆ. ಮಾಡೋದು ಊರಿಗೆ ಬೇಕಾದ ಕೆಲಸವನ್ನೇ. ಮಹಾರಾಷ್ಟ್ರದ ಎಸ್‌ಎಸ್‌ಸಿ ಮಂಡಳಿಯೂ ಅದನ್ನು ಒಂದು ವಿಷಯವಾಗಿ ಒಪ್ಪಿಕೊಂಡಿತು. ಇನ್ನೂ ಹಿಂದಕ್ಕೆ ಹೋದರೆ ನಮ್ಮ ಬೆಳಗಾವಿ ಪಕ್ಕದ ಹುದಲಿಯೇ ಇದೆ. ಸ್ವಾತಂತ್ರ್ಯ ಹೋರಾಟಗಾರ ಗಂಗಾಧರರಾವ್ ದೇಶಪಾಂಡೆ ಅವರ ಊರು, ಖಾದಿ ಊರು. 1937ರ ಏಪ್ರಿಲ್‌ನಲ್ಲಿ ಗಾಂಧೀಜಿ ಬಂದು ಉಳಿದಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ವರ್ಧಾದಲ್ಲಿ ಕೈಕಸುಬಿನ ಮೂಲಕ ಶಿಕ್ಷಣ ಅನ್ನೋ ಯೋಜನೆಯನ್ನು ಮುಂದಿಟ್ಟರು. ಆಮೇಲೆ ಕೊಠಾರಿ ಶಿಕ್ಷಣ ಆಯೋಗ ಇದನ್ನೇ ಹೇಳಿತು, 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಹೇಳಿತು. ಸಮಿತಿ ಹೇಳಿದ್ದು ಶಾಲೆಗೆ ಇಳಿಯುವಾಗ ಎಸ್‌ಯುಪಿಡಬ್ಲ್ಯು (ಸಮಾಜಕ್ಕೆ ಉಪಯೋಗವಾಗುವ ಉತ್ಪಾದಕ ಕೆಲಸ) ಅನ್ನೋ ಪಿರಿಯಡ್ ಆಯಿತು. ನಾನು ಕಂಡ ಶಾಲೆಗಳಲ್ಲಿ ಆ ಪಿರಿಯಡ್ಡಿನಲ್ಲಿ ಹುಡುಗರು ಅಂಗಳ ಗುಡಿಸಿದರು, ಹುಡುಗಿಯರು ಕರ್ಚೀಫಿಗೆ ಹೂವು ಹಾಕಿದರು, ಅಷ್ಟೇ. 2020ರ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯೊಳಗೆ ಹತ್ತು ದಿನ ಬ್ಯಾಗಿಲ್ಲದೆ ಕುಶಲಕರ್ಮಿಗಳ ಹತ್ತಿರ ಕಲಿಯಿರಿ ಅಂದಿದೆ. ಹತ್ತು ದಿನದಲ್ಲಿ ಕಡಲೆ ಮೊಳೆತಿರುತ್ತದೆ, ಅಷ್ಟೇ.

ಈಗ ಜಮೀನಿಗೆ ಬರೋಣ. ಇಲ್ಲಿ ನನ್ನ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಬಹಳ ವರ್ಷದ ಹಿಂದೆ ಬಾಗಲಕೋಟೆ ಕಡೆಯ ಒಂದು ಶಾಲೆಯಲ್ಲಿ ನಾನೇ ಮುಂದೆ ನಿಂತು ಅರ್ಧ ಎಕರೆ ತೋಟ ಮಾಡಿಸಿದೆ. ಬದನೆ, ಟೊಮೆಟೊ, ಮೆಣಸಿನಕಾಯಿ. ಸೆಪ್ಟೆಂಬರ್‌ನಲ್ಲಿ ಸಸಿ ನೆಟ್ಟೆವು. ದೊಡ್ಡವರು ಬಂದರು, ಫೋಟೊ ಆಯಿತು. ದಸರಾ ರಜೆ ಬಂತು. ಯಾರು ನೀರು ಬಿಡಬೇಕು ಅಂತ ನಾವು ಯಾರೂ ಮಾತಾಡಿಕೊಂಡೇ ಇರಲಿಲ್ಲ. ರಜೆ ಮುಗಿಸಿ ಬಂದಾಗ ಸ್ಟಾರ್ಟರ್ ಸುಟ್ಟಿತ್ತು, ಬೇಲಿ ತೂರಿ ಬಂದ ಆಡುಗಳು ಬದನೆಯ ಬುಡದ ತನಕ ತಿಂದಿದ್ದವು. ಮಕ್ಕಳು ನನ್ನ ಮುಖ ನೋಡಿದ್ದು ಇವತ್ತಿಗೂ ನೆನಪಿದೆ. ಬೆಳೆಯ ಕ್ಯಾಲೆಂಡರ್ ಬೇರೆ, ಶಾಲೆಯ ಕ್ಯಾಲೆಂಡರ್ ಬೇರೆ ಅನ್ನೋದನ್ನು ನಾನು ಯೋಚಿಸಿರಲೇ ಇಲ್ಲ.

ನಮ್ಮ ಶಾಲೆಗಳಿಗೆ ದಸರಾದಲ್ಲಿ ಒಂದು ರಜೆ, ಏಪ್ರಿಲ್-ಮೇ ಪೂರ್ತಿ ಇನ್ನೊಂದು. ಈ ಎರಡರ ನಡುವೆ, ನೀರಿಲ್ಲದೆ, ಎರೆ ಮಣ್ಣಿನ ಹಸಿಯಲ್ಲೇ ಬೆಳೆಯುವ ಬೆಳೆ ಯಾವುದು? ಕಡಲೆ. ಶಾಲೆಗೆ ಇದಕ್ಕಿಂತ ಒಳ್ಳೆ ಬೆಳೆ ನಿಮ್ಮ ತಾಲ್ಲೂಕಿನಲ್ಲಿ ನನಗೆ ಕಾಣೋದಿಲ್ಲ. ಅಕ್ಟೋಬರ್‌ನಲ್ಲಿ ರಜೆಗೆ ಮೊದಲೋ ರಜೆ ಮುಗಿದ ಕೂಡಲೋ ಬಿತ್ತಿದರೆ ಜನವರಿಯಲ್ಲಿ ಕೀಳಬಹುದು. ಜೆಜಿ-11 ತಳಿ ಮೂರು ತಿಂಗಳ ಮೇಲೆ ಸ್ವಲ್ಪ ದಿನದಲ್ಲಿ ಮುಗಿಯುತ್ತದೆ. ರಜೆಯಲ್ಲಿ ಯಾರೂ ನೀರು ಬಿಡಬೇಕಿಲ್ಲ. ಆಡಿನ ಕಾಟಕ್ಕೆ ಮಾತ್ರ ಮುಳ್ಳಿನ ಬೇಲಿ ಬೇಕೇ ಬೇಕು.

ಒಂದೇ ಗುಂಟೆ ಮಾಡಿ. ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, 1089 ಚದರ ಅಡಿ. ಅದನ್ನು ಹಗ್ಗ ಹಿಡಿದು ಮೂಲೆ ಸರಿ ಮಾಡಿ ಅಳೆಯೋದೇ ಗಣಿತದ ಒಂದು ಪಿರಿಯಡ್. ಮೂಲೆ 90 ಡಿಗ್ರಿ ಇದೆಯಾ ಅಂತ ನೋಡೋಕೆ 3, 4, 5 ಅಡಿಯ ಹಗ್ಗ ಕಟ್ಟಿಸಿ, ಪೈಥಾಗೊರಸ್ ಅಲ್ಲೇ ಬಂದು ನಿಲ್ಲುತ್ತಾನೆ. ಎಕರೆಗೆ 25 ಕೆಜಿ ಬೀಜ ಅಂದರೆ ಗುಂಟೆಗೆ 625 ಗ್ರಾಂ. ಎಕರೆಗೆ ಐದು ಕ್ವಿಂಟಲ್ ಅಂತ ಅಪ್ಪ ಹೇಳಿದರೆ ನಿಮ್ಮ ಗುಂಟೆಯಲ್ಲಿ ಹನ್ನೆರಡೂವರೆ ಕೆಜಿ ಬರಬೇಕು. ಬಂತಾ? ಯಾಕೆ ಬರಲಿಲ್ಲ? ಉಳಿದ 17 ಗುಂಟೆ ಈ ವರ್ಷ ಹಾಗೇ ಇರಲಿ. ಜನ ನಗುತ್ತಾರೆ, ನಗಲಿ.

ಆ ಗುಂಟೆಯನ್ನು ಎರಡು ಪಟ್ಟಿ ಮಾಡಿ. ಬಿತ್ತಿ ಒಂದು ತಿಂಗಳು ದಾಟಿದ ಮೇಲೆ ಒಂದು ಪಟ್ಟಿಯಲ್ಲಿ ಮಾತ್ರ ಕುಡಿ ಚಿವುಟಿ. ಕುಡಿ ಚಿವುಟಿದರೆ ಟಿಸಿಲು ಜಾಸ್ತಿ ಒಡೆದು ಕಾಯಿ ಜಾಸ್ತಿ ಕಟ್ಟುತ್ತದೆ ಅಂತ ನಿಮ್ಮೂರಿನ ಅಜ್ಜಿಯರೂ ಹೇಳುತ್ತಾರೆ, ಕೃಷಿ ವಿಜ್ಞಾನಿಗಳೂ ಹೇಳುತ್ತಾರೆ. ಮಕ್ಕಳು ಯಾರ ಮಾತನ್ನೂ ಸುಮ್ನೆ ನಂಬಬಾರದು. ಪಟ್ಟಿಗೆ ಹತ್ತು ಗಿಡ ಗುರುತು ಮಾಡಿ, ವಾರಕ್ಕೊಮ್ಮೆ ಟಿಸಿಲು ಎಣಿಸಿ, ಕೊನೆಗೆ ಕಾಯಿ ಎಣಿಸಿ, ಕಾಳು ತೂಗಲಿ. ಬೀಜ, ಸಾಲು, ದಿನ ಎಲ್ಲಾ ಒಂದೇ ಇರಬೇಕು, ಚಿವುಟೋದು ಮಾತ್ರ ಬೇರೆ. ಫಲಿತಾಂಶ ಉಲ್ಟಾ ಬಂದರೂ ಹಾಗೇ ಬರೆಯಿರಿ. ಒಂದು ವರ್ಷದ ಒಂದು ಗುಂಟೆಯಿಂದ ತೀರ್ಪು ಕೊಡೋಕೆ ಆಗಲ್ಲ ಅಂತಲೂ ಬರೆಯಿರಿ. ಚಿವುಟಿದ ಕುಡಿಯನ್ನು ಎಸೆಯಬೇಡಿ, ಕಡಲೆ ಸೊಪ್ಪಿನ ಪಲ್ಯ ರೊಟ್ಟಿಗೆ ಎಷ್ಟು ಚೆಂದ ಅಂತ ನಿಮ್ಮ ಬಿಸಿಯೂಟದ ಅಡುಗೆಯವರಿಗೆ ಗೊತ್ತಿರುತ್ತದೆ. ಆದರೆ ಅವರನ್ನು ಮೊದಲೇ ಕೇಳಿ. ಸೊಪ್ಪು ಆರಿಸಿ ತೊಳೆಯೋದು ಅವರ ತಲೆಗೆ ಬರುವ ಹೆಚ್ಚಿನ ಕೆಲಸ. ಕೇಳದೆ ಬುಟ್ಟಿ ತಂದಿಟ್ಟರೆ ಅವರು ಗೊಣಗಿದರೆ ತಪ್ಪಲ್ಲ.

ಕುಡಿ ಚಿವುಟಿದ ಕೈಯನ್ನು ಮಕ್ಕಳು ನೆಕ್ಕುತ್ತಾರೆ, ಹುಳಿ ಇರುತ್ತದೆ. ಇದು ನಿಮಗೆ ಚಿನ್ನದಂಥ ಅವಕಾಶ. ಕಡಲೆ ಎಲೆಯ ಮೇಲಿನ ಸಣ್ಣ ಕೂದಲುಗಳು ಮ್ಯಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲ ಸೂಸುತ್ತವೆ. ನಮ್ಮ ಹಿರಿಯರು ರಾತ್ರಿ ಕಡಲೆ ಹೊಲದ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಗಿನ ಮಂಜಿಗೆ ನೆನೆದದ್ದನ್ನು ಹಿಂಡಿ ಹುಳಿ ಮಾಡಿಟ್ಟುಕೊಳ್ಳುತ್ತಿದ್ದರು. ಡಿಸೆಂಬರ್‌ನ ಒಂದು ಬೆಳಗ್ಗೆ ಮಕ್ಕಳೂ ಅದನ್ನೇ ಮಾಡಲಿ. ಹಿಂಡಿದ ನೀರಿಗೆ ನೀಲಿ ಲಿಟ್ಮಸ್ ಅದ್ದಲಿ, ಕೆಂಪಾಗುತ್ತದೆ. ಲಿಟ್ಮಸ್ ಮುಗಿದಿದ್ದರೆ ದಾಸವಾಳದ ಎಸಳು ಕುದಿಸಿದ ನೀರು ಇದೆಯಲ್ಲ. ಹತ್ತನೇ ತರಗತಿಯ ಆಮ್ಲ, ಪ್ರತ್ಯಾಮ್ಲ, ಲವಣ ಪಾಠ ಇದೇ ತಾನೇ? ಒಂಬತ್ತರಲ್ಲಿ ಆಹಾರ ಸಂಪನ್ಮೂಲಗಳ ಸುಧಾರಣೆ ಅಂತ ಪಾಠ ಇದೆ. ಗೊಬ್ಬರ, ನೀರಾವರಿ, ಕೀಟ ಎಲ್ಲಾ ಅದರಲ್ಲಿದೆ, ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಮುಖ್ಯ ಶಿಕ್ಷಕರಿಗೆ ಹೀಗೆ ಹೇಳಿ: ಹೊಸ ವಿಷಯ ತರುತ್ತಿಲ್ಲ, ಇರುವ ಪಾಠವನ್ನೇ ಹೊರಗೆ ಮಾಡುತ್ತಿದ್ದೇನೆ. ವಾರಕ್ಕೆ ಎರಡು ಪಿರಿಯಡ್ ಒಟ್ಟಿಗೆ ಕೊಡಿ, ಇಲ್ಲವೇ ಶನಿವಾರದ ಕೊನೆಯ ಹೊತ್ತು. ಒಂದೇ ಪಿರಿಯಡ್ ಆದರೆ ಕೈ ತೊಳೆಯೋಕೇ ಹೋಗುತ್ತದೆ. ಹತ್ತನೇ ತರಗತಿಯವರನ್ನು ಜನವರಿ ನಂತರ ಕರೆಯಬೇಡಿ, ಮುಖ್ಯ ಶಿಕ್ಷಕರ ಭಯಕ್ಕೂ ಸ್ವಲ್ಪ ಮರ್ಯಾದೆ ಕೊಡಬೇಕು.

ನಿಮಗೆ ಕೃಷಿ ಗೊತ್ತಿಲ್ಲ ಅನ್ನೋದು ನನಗೆ ಕೊರತೆ ಅನ್ನಿಸೋದಿಲ್ಲ. ಗೊತ್ತಿದ್ದವರು ಹೇಳಿಬಿಡುತ್ತಾರೆ. ಗೊತ್ತಿಲ್ಲದವರು ಕೇಳುತ್ತಾರೆ. ಊರಿನ ಹಿರಿಯ ರೈತರೊಬ್ಬರನ್ನು, ಒಬ್ಬ ರೈತ ಮಹಿಳೆಯನ್ನು ಕರೆಯಿರಿ. ಆ ಸಭೆಯಲ್ಲಿ ಎದ್ದು ನಿಂತವರನ್ನೇ ಕರೆದರೆ ಇನ್ನೂ ಒಳ್ಳೆಯದು. ಕೂರಿಗೆ ಹೂಡೋದು, ಬೀಜ ಎಷ್ಟು ಆಳಕ್ಕೆ ಬೀಳಬೇಕು ಅನ್ನೋದು ಅವರು ತೋರಿಸಲಿ. ನೀವು ಮಕ್ಕಳ ಜೊತೆ ನೆಲದ ಮೇಲೆ ಕೂತು, "ಯಾಕೆ ಕಾಕಾ?" ಅಂತ ಕೇಳಿ. ಅವರಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಅದು ನಿಮ್ಮ ಮುಂದಿನ ಪ್ರಯೋಗ. ರೋಗ, ಕೀಟ, ಮಣ್ಣಿನ ಪ್ರಶ್ನೆಗಳಿಗೆ ವಿಜಯಪುರ ಹತ್ತಿರದ ಹಿಟ್ನಳ್ಳಿಯಲ್ಲಿ ಕೃಷಿ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಇವೆ, ಇಂಡಿಯಲ್ಲೂ ಕೃಷಿ ವಿಜ್ಞಾನ ಕೇಂದ್ರ ಇದೆ. ಬೆಳಗಾವಿ ಜಿಲ್ಲೆಯ ಓದುಗರಿಗೆ ಮತ್ತಿಕೊಪ್ಪ, ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರಗಳು ಹತ್ತಿರ. ಮೊದಲೇ ಪತ್ರ ಬರೆದು, ದಿನ ಗೊತ್ತು ಮಾಡಿಕೊಂಡು ಹೋಗಿ.

ಒಂದು ಕಡೆ ಮಾತ್ರ ನೀವು ಬಿಗಿಯಾಗಿ ಇರಬೇಕು. ಸಗಣಿ ಬುಟ್ಟಿ ಯಾರ ತಲೆ ಮೇಲೆ ಕೂರುತ್ತದೆ ಅಂತ ಗಮನಿಸಿ. ಹೇಳದೆ ಬಿಟ್ಟರೆ ಕೆಲಸ ತಾನಾಗಿ ಜಾತಿ ಹಿಡಿದು, ಮನೆತನ ಹಿಡಿದು ಹಂಚಿಕೆ ಆಗಿಬಿಡುತ್ತದೆ. ಹುಡುಗರು ಅಳತೆ ಪಟ್ಟಿ, ಮೋಟರ್ ಹಿಡಿಯುತ್ತಾರೆ, ಹುಡುಗಿಯರು ನೀರು ಹಾಕಿ ಕಸ ಕೀಳುತ್ತಾರೆ. ಪಾಳಿ ಪಟ್ಟಿ ಗೋಡೆಗೆ ಹಚ್ಚಿ. ಗೌಡರ ಮಗನ ಪಾಳಿ ಬಂದರೆ ಅವನೇ ಸಗಣಿ ಹೊರಬೇಕು, ತಕ್ಕಡಿ ಹಿಡಿಯುವ ಪಾಳಿ ತಾಂಡಾದ ಹುಡುಗಿಗೂ ಬರಬೇಕು. ಹೋಮ್‌ವರ್ಕ್ ಮಾಡದವರನ್ನು ಹೊಲಕ್ಕೆ ಕಳಿಸೋದು ಅಂತೂ ಬೇಡವೇ ಬೇಡ. ಹೊಲ ಶಿಕ್ಷೆಯ ಜಾಗ ಆದ ದಿನ ನಿಮ್ಮ ಪಾಠ ಮುಗಿಯಿತು. ತಾಂಡಾಗಳ ಮಕ್ಕಳು ದೀಪಾವಳಿ ಆದ ಮೇಲೆ ಅಪ್ಪ-ಅವ್ವನ ಜೊತೆ ಕಬ್ಬು ಕಡಿಯೋಕೆ ಹೋಗಿಬಿಟ್ಟರೆ ಅವರ ಪಾಲಿನ ಗಿಡವನ್ನು ಬೇರೆಯವರು ನೋಡಿಕೊಳ್ಳಲಿ, ಹೆಸರು ಮಾತ್ರ ಅಳಿಸಬೇಡಿ. ಬಂದ ಮೇಲೆ ತನ್ನ ಗಿಡದ ಲೆಕ್ಕ ಕೇಳೋಕೆ ಆ ಮಗು ಶಾಲೆಗೆ ಬಂದೀತು.

ಕೀಟನಾಶಕದ ಬಾಟಲಿ ಶಾಲೆಯ ಗೇಟಿನ ಒಳಗೆ ಬರಬಾರದು. ಖಾಲಿ ಬಾಟಲಿಯೂ ಬರಬಾರದು. ಕಡಲೆಗೆ ಹಸಿರು ಕೀಡೆ ಬಿದ್ದೇ ಬೀಳುತ್ತದೆ. ಮಕ್ಕಳು ಅದನ್ನು ಎಣಿಸಲಿ, ಕೈಯಿಂದ ಆರಿಸಲಿ. ಬಿತ್ತುವಾಗಲೇ ಅಲ್ಲಲ್ಲಿ ಒಂದೊಂದು ಜೋಳದ ಕಾಳು ಹಾಕಿದ್ದರೆ ಅದರ ಮೇಲೆ ಹಕ್ಕಿ ಕೂತು ಕೀಡೆ ತಿನ್ನುತ್ತದೆ. ಮೋಟರ್ ಸ್ಟಾರ್ಟರ್ ಮುಟ್ಟೋದು ದೊಡ್ಡವರು ಮಾತ್ರ. ಬರಿಗಾಲಲ್ಲಿ ಇಳಿಸಬೇಡಿ, ಎರೆ ಬಿರುಕಿನಲ್ಲಿ ಹಾವು, ಚೇಳು ಇರುತ್ತವೆ. ಎಂಟನೇ ತರಗತಿಯಲ್ಲಿ 14 ತುಂಬದ ಮಕ್ಕಳು ಇರುತ್ತಾರೆ, ಅವರನ್ನು ದುಡಿಸೋದು ಕಾನೂನಿಗೇ ವಿರುದ್ಧ. ಬೆವರು ಸುರಿಯುವ ಕೆಲಸ ಬಂದರೆ ಟ್ರ್ಯಾಕ್ಟರ್‌ನವರಿಗೆ ಹೇಳಿ.

ಎರಡನೇ ವರ್ಷಕ್ಕೆ ನಿಮ್ಮ ತಾಲ್ಲೂಕಿನ ಲಿಂಬೆ ಇದೆ, ಜಿಐ ಟ್ಯಾಗ್ ಸಿಕ್ಕ ಇಂಡಿ ಲಿಂಬೆ. ಹಣ್ಣಿನಿಂದ ತೆಗೆದ ಬೀಜವನ್ನು ಒಣಗಿಸದೆ ಹಾಗೇ ಬಿತ್ತಿಸಿ. ಒಂದೇ ಬೀಜದಿಂದ ಎರಡು, ಮೂರು ಸಸಿ ಏಳೋದನ್ನು ಕಂಡು ಮಕ್ಕಳು ಬೆರಗಾಗುತ್ತಾರೆ. ಅವುಗಳಲ್ಲಿ ಹೆಚ್ಚಿನವು ತಾಯಿಗಿಡದ ಪಡಿಯಚ್ಚು. ಅದು ಹೇಗೆ ಅಂತ ಹುಡುಕೋದು ನಿಮ್ಮ ಜೀವಶಾಸ್ತ್ರದ ಪಾಠ. ಹತ್ತಿರದ ಲಿಂಬೆ ತೋಟದಲ್ಲಿ ಡ್ರಿಪ್ ಪರೀಕ್ಷೆ ಮಾಡಿಸಿ. ಗಂಟೆಗೆ 4 ಲೀಟರ್ ಅಂತ ಬರೆದ ಡ್ರಿಪ್ಪರ್ ನಿಮಿಷಕ್ಕೆ ಸುಮಾರು 67 ಮಿಲಿ ಬಿಡಬೇಕು. ಅಳತೆ ಲೋಟ, ಒಂದು ಮೊಬೈಲ್ ಸ್ಟಾಪ್‌ವಾಚ್ ಸಾಕು. ಸಾಲಿನ ಮೊದಲ ಗಿಡ, ನಡುವಿನ ಗಿಡ, ಕೊನೆಯ ಗಿಡ. ಕೊನೆಯದರಲ್ಲಿ 30 ಮಿಲಿ ಬಂದರೆ ಆ ತೋಟದ ಮಾಲೀಕರಿಗೆ ಅವತ್ತೇ ಗೊತ್ತಾಗುತ್ತದೆ, ಸಾಲಿನ ಕೊನೆಯ ಗಿಡ ಯಾಕೆ ಸೊರಗಿದೆ ಅಂತ. ಬೋರ್ ನೀರಿನ ಉಪ್ಪು ಕಟ್ಟಿಕೊಂಡಿರುತ್ತದೆ. ಅದನ್ನು ಆಸಿಡ್ ಹಾಕಿ ತೊಳೆಯೋದು ಅವರ ಕೆಲಸ, ಮಕ್ಕಳದ್ದಲ್ಲ.

ಮುಂದೆ ಏನು ಉಪಯೋಗ ಅಂತ ಕೇಳಿದ್ದೀರಿ. ಗುಂಟೆ ಕಡಲೆ ಬೆಳೆದ ಮಾತ್ರಕ್ಕೆ ಯಾರಿಗೂ ನೌಕರಿ ಸಿಗಲ್ಲ, ಹಾಗಂತ ಪಾಲಕರಿಗೆ ಆಸೆ ಹಚ್ಚಬೇಡಿ. ಆದರೆ ದಾರಿಗಳಿವೆ, ಅವು ನಮ್ಮ ಹಳ್ಳಿ ಮನೆಗಳಿಗೆ ಗೊತ್ತೇ ಇರೋದಿಲ್ಲ. ಪಿಯುಸಿ ವಿಜ್ಞಾನ ಓದಿ ಬಿಎಸ್ಸಿ ಕೃಷಿಗೆ ಹೋಗುವ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಗೊಬ್ಬರ, ಉಪಕರಣ ಮುಂದಿಟ್ಟು ಗುರುತಿಸಿ ಅಂತಾರೆ. ಹೊಲ ಇದ್ದೂ ಹೊಲ ನೋಡದೆ ಬೆಳೆದ ಮಕ್ಕಳು ಅಲ್ಲಿ ತಡವರಿಸುತ್ತಾರೆ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಸೀದಾ ಸೇರಬಹುದಾದ ಎರಡು ವರ್ಷದ ಕೃಷಿ ಡಿಪ್ಲೊಮಾ ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದಿದೆ, ಅದೂ ಕನ್ನಡ ಮಾಧ್ಯಮದಲ್ಲಿ. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. ಅದರ ಕೆಳಗೆ ಗೋಕಾಕ ಹತ್ತಿರದ ಅರಭಾವಿ ಕಾಲೇಜು. ಹೊಲ ಬೇಡ ಅನ್ನುವವರಿಗೆ ಐಟಿಐ, ಬೆಳಗಾವಿಯ ಜಿಟಿಟಿಸಿ (ಸರ್ಕಾರಿ ಉಪಕರಣ ತಯಾರಿಕೆ ತರಬೇತಿ ಕೇಂದ್ರ), ಸಕ್ಕರೆ ಕಾರ್ಖಾನೆ ಕಡೆ ಹೋಗುವವರಿಗೆ ಅಲ್ಲೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ. ಬೆಳಗಾವಿ ಉದ್ಯಮಬಾಗದ ಫೌಂಡ್ರಿಗೆ (ಲೋಹ ಎರಕದ ಕಾರ್ಖಾನೆಗೆ) ಹೋದ ಹುಡುಗನಿಗೂ ಅಳೆದು ಬರೆಯುವ ಕೈ ಬೇಕು. ಅದನ್ನು ಅವನು ಕಡಲೆ ಗಿಡದ ಮುಂದೆ ಕಲಿತಿದ್ದರೆ ನಷ್ಟ ಏನಿದೆ?

ಎನ್‌ಎಸ್‌ಕ್ಯೂಎಫ್ ಅಂದರೆ ಶಾಲೆಯಲ್ಲೇ ವೃತ್ತಿ ವಿಷಯ ಕಲಿಸುವ ವ್ಯವಸ್ಥೆ, ಅದರ ಬಗ್ಗೆಯೂ ಒಂದು ಮಾತು. ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತು, ಹತ್ತನೇ ತರಗತಿಗೆ ಮೂರನೇ ಭಾಷೆಯ ಬದಲು ಆಟೊಮೊಬೈಲ್, ಐಟಿ, ರೀಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್ ಥರದ ವೃತ್ತಿ ವಿಷಯ ತೆಗೆದುಕೊಳ್ಳಬಹುದು. ಯಾವ ಶಾಲೆಗೆ ಯಾವುದು ಅನ್ನೋದು ಇಲಾಖೆಯ ಮಂಜೂರಾತಿ ಮೇಲೆ, ಶಾಲೆ ತಾನಾಗಿ ತೆರೆಯೋಕೆ ಬರೋದಿಲ್ಲ. ಅರ್ಜಿ ಹಾಕಿ, ಸಿಕ್ಕರೆ ಒಳ್ಳೆಯದು. ಸಿಗುವ ತನಕ ಕಾಯಬೇಡಿ, ಗೋಣಿಚೀಲಕ್ಕೆ ಮಂಜೂರಾತಿ ಬೇಕಿಲ್ಲ.

ಈ ತಿಂಗಳೇ ನಿಮಗೆ ಎದುರಾಗುವ ಒಂದು ತೊಂದರೆ ಹೇಳಿಬಿಡುತ್ತೇನೆ. ಯಾರೋ ಒಬ್ಬರ ಬೀಜ 40 ಹುಟ್ಟುತ್ತದೆ. ಅದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರದ್ದೇ ಇರಬಹುದು. ಮಕ್ಕಳು ನಗುತ್ತಾರೆ, ಸುದ್ದಿ ಮಧ್ಯಾಹ್ನದೊಳಗೆ ಊರು ಸುತ್ತುತ್ತದೆ, ಸಂಜೆ ಅವರು ಶಾಲೆಗೆ ಬರುತ್ತಾರೆ. ಅದಕ್ಕೆ ಮೊದಲೇ ಸಿದ್ಧರಾಗಿ. ಬೋರ್ಡಿನ ಮೇಲೆ ಮನೆ ಹೆಸರು ಬರೆಯಬೇಡಿ, ಪೊಟ್ಟಣಕ್ಕೆ ನಂಬರ್ ಕೊಡಿ, ಯಾವ ನಂಬರ್ ಯಾರದು ಅನ್ನೋದು ನಿಮ್ಮ ಹತ್ತಿರ ಮಾತ್ರ ಇರಲಿ. 50ಕ್ಕಿಂತ ಕಡಿಮೆ ಬಂದ ಬೀಜವನ್ನು ಹೇಳೋಕೆ ಮೊದಲು ಇನ್ನೊಮ್ಮೆ, ಹೊಸ ಗೋಣಿತಟ್ಟಿನಲ್ಲಿ ಮಾಡಿ ನೋಡಿ. ಎರಡನೇ ಸಲವೂ ಅಷ್ಟೇ ಬಂದರೆ ಆ ಸುರುಳಿಯನ್ನೇ ಎತ್ತಿಕೊಂಡು ಎಣಿಸಿದ ಹುಡುಗಿಯ ಜೊತೆ ಅವರ ಮನೆಗೆ ಹೋಗಿ, ಕಟ್ಟೆ ಮೇಲೆ ಬಿಚ್ಚಿ. ನೀವು ಮಾತಾಡಬೇಡಿ, ಅವಳು ಎಣಿಸಲಿ.